ಹೆಣ್ಣುಮಕ್ಕಳು ಭಾರ ಎತ್ತಲು ಶುರು ಮಾಡುವುದು ಹೇಗೆ: ರಾಡು, ಲೆಕ್ಕ, ಊಟ

ಅಡುಗೆಮನೆಯ ತುಂಬಿದ ಸಿಲಿಂಡರಿನಲ್ಲಿ ಗ್ಯಾಸು 14.2 ಕೆಜಿ, ಬರೀ ಸಿಲಿಂಡರಿನ ತೂಕ ಸುಮಾರು 15ರಿಂದ 16 ಕೆಜಿ. ಎರಡೂ ಸೇರಿ ಹತ್ತಿರ ಹತ್ತಿರ 30 ಕೆಜಿ. ಅದನ್ನು ಬಾಗಿಲಿನಿಂದ ಒಲೆಯ ತನಕ ಸಾಗಿಸುವವರು, 25 ಕೆಜಿ ಅಕ್ಕಿ ಮೂಟೆ ಸರಿಸುವವರು, 20 ಲೀಟರ್ ನೀರಿನ ಕ್ಯಾನು ಎತ್ತಿಡುವವರು ಎಷ್ಟೋ ಮನೆಗಳಲ್ಲಿ ಹೆಂಗಸರೇ. ಅದೇ ಹೆಂಗಸರು ಜಿಮ್ಮಿಗೆ ಸೇರಿದ ದಿನ ಕೈಗೆ ಬರುವುದು 2 ಕೆಜಿಯ ಡಂಬೆಲ್ಲು, ಇಪ್ಪತ್ತಿಪ್ಪತ್ತು ರೆಪ್ಪಿನ ಮೂರು ಸೆಟ್ಟು. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್ಪು, ನಡುವೆ ನಿಲ್ಲಿಸದೆ ಮಾಡಿದ ರೆಪ್ಪುಗಳೆಲ್ಲ ಸೇರಿ ಒಂದು ಸೆಟ್ಟು. ಅದರಿಂದ ಬೆವರು ಬರುತ್ತದೆ, ಬಲ ಅಷ್ಟಾಗಿ ಬರುವುದಿಲ್ಲ. ದಿನವೂ ಹೊರುವುದಕ್ಕಿಂತ ಹೆಚ್ಚಿನ ಭಾರ ಬಿದ್ದು, ಅದು ವಾರವಾರಕ್ಕೂ ಸ್ವಲ್ಪ ಸ್ವಲ್ಪ ಏರುತ್ತಾ ಹೋದರೆ ಮಾತ್ರ ಸ್ನಾಯು, ಮೂಳೆ ಎರಡೂ ಗಟ್ಟಿಯಾಗುತ್ತವೆ.

ಭಾರ ಎಂದರೆ ಇಂತಿಷ್ಟೇ ಕೆಜಿ ಎಂದಲ್ಲ. ಭಂಗಿ ಕೆಡದೆ ಐದು ಸಲ ಎತ್ತಿದ ಮೇಲೆ, ಇನ್ನು ಎರಡು ಸಲ ಎತ್ತಬಹುದೇನೋ ಅನ್ನಿಸುವ ತೂಕವೇ ಆವತ್ತಿನ ನಿಮ್ಮ ಭಾರ. ಒಬ್ಬರಿಗೆ ಅದು 15 ಕೆಜಿ, ಇನ್ನೊಬ್ಬರಿಗೆ 40.

ಮೈ ಗಂಡಸರ ಹಾಗೆ ಆಗಿಬಿಡುತ್ತದೆ ಎಂಬ ಅಂಜಿಕೆಗೆ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ ಉದಾಹರಣೆ ಸಾಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದಲ್ಲಿದ್ದ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ ತಲೆಯ ಮೇಲೆ ಎತ್ತಿದ್ದು 115 ಕೆಜಿ. ಸ್ನಾಯು ಬೆಳೆಸುವ ಹಾರ್ಮೋನು ಟೆಸ್ಟೋಸ್ಟೆರಾನ್ ಹೆಣ್ಣಿನ ದೇಹದಲ್ಲಿ ಗಂಡಿನದ್ದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮೊದಲ ತಿಂಗಳುಗಳಲ್ಲಿ ಹೆಚ್ಚುವ ಬಲದ ಬಹುಪಾಲು, ಇರುವ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ ಬರುತ್ತದೆ.

ನನಗೆ ವಯಸ್ಸಾಯಿತು ಎನ್ನುವವರಿಗೂ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ನಡೆದ ಲಿಫ್ಟ್‌ಮೋರ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತು ಮೂಳೆ ಸವೆದಿದ್ದ ಹೆಂಗಸರು ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, ತಜ್ಞರ ಕಣ್ಣೆದುರಿನಲ್ಲೇ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಓವರ್‌ಹೆಡ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು) ಮಾಡಿದರು, ಜೊತೆಗೆ ಮೇಲಿಂದ ನೆಲಕ್ಕಿಳಿಯುವ ಒಂದು ಜಿಗಿತ. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ 2.9% ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು.

ಮೊದಲು ಒಂದು ರಕ್ತಪರೀಕ್ಷೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಎರಡನೇ ಸೆಟ್ಟಿಗೇ ಏದುಸಿರು ಬರಬಹುದು. ಅದನ್ನು ಸೋಮಾರಿತನವೆಂದೋ, ಇದು ನನ್ನ ಕೈಲಾಗದ ಕೆಲಸವೆಂದೋ ತಿಳಿದು ಬಿಟ್ಟುಹೋಗುವವರು ಬಹಳ. ಹಾಗಾಗಿ ಮೊದಲು ಪರೀಕ್ಷೆ ಮಾಡಿಸಿ. ಬಿಪಿ ಇರುವವರು, ಗರ್ಭಿಣಿಯರು, ಹೆರಿಗೆಯಾಗಿ ಇನ್ನೂ ಕೆಲವೇ ತಿಂಗಳಾದವರು, ಡಿಸ್ಕ್ ತೊಂದರೆ ಅಥವಾ ಹರ್ನಿಯಾ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಜಿಮ್ಮಿನಲ್ಲಿ ಏನು ನೋಡಬೇಕು

ಟ್ರೆಡ್‌ಮಿಲ್ ಎಷ್ಟಿವೆ ಎಂದು ಎಣಿಸಬೇಡಿ. ಸ್ಕ್ವಾಟ್ ರ‍್ಯಾಕ್ (ರಾಡು ಇಡುವ ಕಬ್ಬಿಣದ ಚೌಕಟ್ಟು) ಇದೆಯೇ, ಅದರ ಎರಡೂ ಬದಿಯಲ್ಲಿ ಭಾರ ಕೈಬಿಟ್ಟರೆ ಹಿಡಿದುಕೊಳ್ಳುವ ಅಡ್ಡಕಂಬಿಗಳಿವೆಯೇ ನೋಡಿ. ಆ ಕಂಬಿ ಇದ್ದರೆ ಹಿಂದೆ ನಿಂತು ಹಿಡಿಯಲು ಯಾರನ್ನೂ ಕರೆಯಬೇಕಾಗಿಲ್ಲ. ಅಪರಿಚಿತರು ಮೈ ಹತ್ತಿರ ನಿಲ್ಲುವುದು ಇಷ್ಟವಿಲ್ಲದವರಿಗೆ ಇದೊಂದೇ ದೊಡ್ಡ ಅನುಕೂಲ.

ಆಮೇಲೆ ರಾಡು. ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ರಾಡು 20 ಕೆಜಿ, 28 ಮಿಮೀ ದಪ್ಪ. ಹೆಂಗಸರದ್ದು 15 ಕೆಜಿ, 25 ಮಿಮೀ. ಮೂರು ಮಿಮೀ ಏನು ಮಹಾ ಅನ್ನಿಸಬಹುದು, ಆದರೆ ಸಣ್ಣ ಅಂಗೈಗೆ ಹಿಡಿತ ಸಿಗುವುದು ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ. ಬಡಾವಣೆಯ ಜಿಮ್ಮುಗಳಲ್ಲಿ ಇವೆರಡೂ ಇಲ್ಲದೆ ಸಣ್ಣ ಕಬ್ಬಿಣದ ರಾಡುಗಳಿರುವುದೇ ಹೆಚ್ಚು. ಅವು ಒಂದೊಂದೂ ಒಂದೊಂದು ತೂಕ. ಬರಿಗೈಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ರಾಡು ಹಿಡಿದು ನಿಲ್ಲಿ, ವ್ಯತ್ಯಾಸ ಬರೆದುಕೊಳ್ಳಿ. ಪ್ರತಿ ಸಲವೂ ಅದೇ ರಾಡು ಹಿಡಿಯಿರಿ, ಇಲ್ಲವಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಓಡುವ ಮೆತ್ತನೆಯ ಶೂ ಬೇಡ. ಸ್ಪಂಜಿನ ಮೇಲೆ ನಿಂತು ಭಾರ ಹೊತ್ತಂತಾಗಿ ಪಾದ ಅಲುಗುತ್ತದೆ. ಚಪ್ಪಟೆ ತಳದ ಕ್ಯಾನ್ವಾಸ್ ಶೂ ಸಾಕು. ಬಳೆ, ಉಂಗುರ ತೆಗೆದಿಡಿ, ಸರವಿದ್ದರೆ ಬಟ್ಟೆಯೊಳಕ್ಕೆ ಹಾಕಿಕೊಳ್ಳಿ. ಸ್ಕ್ವಾಟ್‌ಗೆ ರಾಡಿನ ಕೆಳಗೆ ಹೋಗುವ ಮುಂಚೆ ಜಡೆ ಮುಂದಕ್ಕೆ ಹಾಕಿಕೊಳ್ಳಿ. ಜಡೆ ರಾಡಿಗೆ ಸಿಕ್ಕಿಕೊಂಡರೆ ಕುತ್ತಿಗೆ ಹಿಂದಕ್ಕೆ ಜಗ್ಗುತ್ತದೆ, ಭಾರ ಬೆನ್ನ ಮೇಲಿರುವಾಗ ಬಿಡಿಸಿಕೊಳ್ಳಲು ಕೈಯೂ ಇರುವುದಿಲ್ಲ.

ಹೊಟ್ಟೆ ಎಳೆದುಕೊಳ್ಳಬೇಡಿ

ಹೊಟ್ಟೆ ಒಳಗೆಳೆದು ನಿಲ್ಲುವುದು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ರೂಢಿಯಾಗಿರುತ್ತದೆ. ಇಲ್ಲಿ ಅದು ತಿರುಗುಮುರುಗು. ಎತ್ತುವ ಮುಂಚೆ ಮೂಗಿನಿಂದ ಉಸಿರು ತುಂಬಿಕೊಳ್ಳಿ. ಎದೆ ಮೇಲೇಳದೆ ಹೊಟ್ಟೆ, ಪಕ್ಕೆ, ಸೊಂಟದ ಹಿಂಭಾಗ ಸುತ್ತಲೂ ಉಬ್ಬಬೇಕು. ಹೊಟ್ಟೆಗೆ ಯಾರೋ ಗುದ್ದಲು ಬಂದಾಗ ಬಿಗಿಹಿಡಿಯುವಂತೆ ಬಿಗಿ ಮಾಡಿ, ಆ ಬಿಗಿಯಲ್ಲೇ ಎತ್ತಿ. ಕಷ್ಟದ ಭಾಗ ದಾಟಿದ ಮೇಲೆ ಉಸಿರು ಬಿಡಿ, ಪ್ರತಿ ರೆಪ್ಪಿಗೂ ಹೊಸ ಉಸಿರು ತೆಗೆದುಕೊಳ್ಳಿ.

ಹೆರಿಗೆಯಾದ ಕೆಲವರಿಗೆ ಎತ್ತುವಾಗ ಮೂತ್ರ ಜಿನುಗುತ್ತದೆ. ಇದು ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ, ಭಾರ ಎತ್ತುವುದನ್ನೇ ಬಿಡಬೇಕಾದ ಕಾರಣವೂ ಅಲ್ಲ. ಜಿನುಗದ ತೂಕಕ್ಕೆ ಇಳಿಯಿರಿ, ಎತ್ತುವಾಗ ಉಸಿರು ಕಟ್ಟದೆ ಬಿಡುತ್ತಾ ಎತ್ತಿ, ಶ್ರೋಣಿಯ (ಕೆಳಹೊಟ್ಟೆಯ ತಳದ) ಸ್ನಾಯುಗಳ ಬಗ್ಗೆ ತಿಳಿದ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ತರಬೇತಿಯಿಂದ ಸರಿಹೋಗುವವರೇ ಹೆಚ್ಚು.

ಡೆಡ್‌ಲಿಫ್ಟ್

ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು, ಅಷ್ಟೇ. ಆದರೆ ಬೆನ್ನುನೋವು ಬರಿಸಿಕೊಳ್ಳುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ, ಎಡವುವುದು ಎತ್ತುವ ಮುಂಚೆಯೇ. ರಾಡಿನ ತುದಿಗೆ ಹಾಕುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಮೀ. ಅದನ್ನು ಹಾಕಿದ ರಾಡು ನೆಲದಿಂದ 22.5 ಸೆಂಮೀ ಎತ್ತರದಲ್ಲಿರುತ್ತದೆ. ಹೊಸಬರು ಹಾಕುವ 5, 10 ಕೆಜಿ ಕಬ್ಬಿಣದ ಪ್ಲೇಟುಗಳು ಚಿಕ್ಕವು, ರಾಡು ಪಾದದ ಹತ್ತಿರಕ್ಕೆ ಇಳಿದಿರುತ್ತದೆ. ಅಷ್ಟು ಕೆಳಗೆ ಬಗ್ಗಿದರೆ ಎಂಥವರ ಬೆನ್ನೂ ಗೂನಾಗುತ್ತದೆ. ಎರಡೂ ಬದಿಗೆ ರಬ್ಬರ್ ಮ್ಯಾಟೋ ಮರದ ಹಲಗೆಯೋ ಪೇರಿಸಿ ರಾಡನ್ನು ಅರ್ಧ ಮೀನಖಂಡದ ಎತ್ತರಕ್ಕೆ ತನ್ನಿ.

ಈಗ ನಿಲ್ಲಿ. ಪಾದಗಳು ಸೊಂಟದಷ್ಟು ಅಗಲ, ರಾಡು ಶೂ ಲೇಸಿನ ಗಂಟಿನ ನೇರಕ್ಕೆ. ಮೊಣಕಾಲು ಹೆಚ್ಚು ಮಡಿಸದೆ ಸೊಂಟದಿಂದ ಬಗ್ಗಿ ಕಾಲುಗಳ ಹೊರಗೆ ರಾಡು ಹಿಡಿಯಿರಿ. ಕಾಲಿನ ಮುಂದಿನ ಮೂಳೆ ರಾಡಿಗೆ ತಾಕುವಷ್ಟು ಮಾತ್ರ ಮೊಣಕಾಲು ಮಡಿಸಿ, ರಾಡನ್ನು ಉರುಳಿಸಬೇಡಿ. ಎದೆ ಮುಂದಕ್ಕೆ ತನ್ನಿ, ಕಂಕುಳಲ್ಲಿ ಪೇಪರ್ ಅದುಮಿ ಹಿಡಿದ ಹಾಗೆ ತೋಳು ಮೈಗೆ ಒತ್ತಿ. ರಾಡನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಪ್ಲೇಟಿಗೆ ತಾಗಿ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತದೆ. ಅಲ್ಲಿಗೆ ಸಡಿಲವೆಲ್ಲ ಹೋಯಿತು. ಉಸಿರು ತುಂಬಿ, ಕಾಲಿನಿಂದ ನೆಲವನ್ನು ಕೆಳಕ್ಕೆ ತಳ್ಳಿ. ರಾಡು ಕಾಲಿಗೆ ಒರೆಸಿಕೊಂಡೇ ಮೇಲೆ ಬರಬೇಕು. ನಿಂತ ಮೇಲೆ ಹಿಂದಕ್ಕೆ ವಾಲಬೇಡಿ.

ಆ ‘ಟಿಕ್’ ಸದ್ದಿಗೆ ಕಾಯದೆ ಜಗ್ಗಿದರೆ ಎಲ್ಲ ಭಾರ ಒಂದೇ ಏಟಿಗೆ ಸೊಂಟಕ್ಕೆ ಬೀಳುತ್ತದೆ. ಸೊಂಟ ಮೊದಲು ಮೇಲೆದ್ದು ಭುಜ ಕೆಳಗೇ ಉಳಿದರೆ ಶುರುವಿನಲ್ಲಿ ತೀರಾ ಕೆಳಗೆ ಕೂತಿದ್ದೀರಿ ಎಂದರ್ಥ. ಅಂಗೈ ಬೆವರಿದರೆ ಜಿಮ್ಮಿನ ಚಾಕ್ ಹಚ್ಚಿ. ಮುಖಕ್ಕೆ ಹಚ್ಚುವ ಪೌಡರ್ ಇನ್ನಷ್ಟು ಜಾರಿಸುತ್ತದೆ.

ಸ್ಕ್ವಾಟ್

ಕುಕ್ಕರಗಾಲಲ್ಲಿ ಕೂತು ಅಭ್ಯಾಸವಿರುವವರಿಗೆ ಅರ್ಧ ಕೆಲಸ ಆಗಿದೆ. ಹಿಮ್ಮಡಿ ಏಳದೆ ಕೂರಲು ಬಂದರೆ ಸೀದಾ ರಾಡಿಗೆ ಹೋಗಬಹುದು. ಬಾರದಿದ್ದರೆ ಎರಡು ವಾರ 6ರಿಂದ 10 ಕೆಜಿ ಡಂಬೆಲ್ಲನ್ನು ಬಿಂದಿಗೆ ಅಪ್ಪಿದಂತೆ ಎದೆಗೆ ಹಿಡಿದು ಕೂತು ಏಳಿ. ಇದಕ್ಕೆ ಗಾಬ್ಲೆಟ್ ಸ್ಕ್ವಾಟ್ ಅನ್ನುತ್ತಾರೆ.

ರ‍್ಯಾಕಿನ ಕೊಕ್ಕೆ ಎದೆಯ ನಡುಭಾಗದ ಎತ್ತರದಲ್ಲಿರಲಿ. ತುದಿಗಾಲಲ್ಲಿ ನಿಂತು ರಾಡು ತೆಗೆಯುವಂತಿದ್ದರೆ ಇಡುವಾಗ ಕೊಕ್ಕೆ ತಪ್ಪುತ್ತದೆ. ರಾಡು ಕುತ್ತಿಗೆಯ ಮೂಳೆಯ ಮೇಲಲ್ಲ, ಅದರ ಕೆಳಗೆ ಭುಜ ಬಿಗಿದಾಗ ಉಬ್ಬುವ ಸ್ನಾಯುವಿನ ಮೇಲೆ ಕೂರಬೇಕು. ಎರಡೇ ಹೆಜ್ಜೆ ಹಿಂದಕ್ಕೆ ಬನ್ನಿ. ಪಾದ ಭುಜದಗಲ, ಬೆರಳು ತುಸು ಹೊರಕ್ಕೆ. ತೊಡೆ ನೆಲಕ್ಕೆ ಸಮವಾಗುವಷ್ಟಾದರೂ ಇಳಿದು ಏಳಿ. ಮೊಣಕಾಲು ಕಾಲ್ಬೆರಳ ದಿಕ್ಕಿಗೇ ಇರಲಿ. ಒಳಕ್ಕೆ ಬಾಗಿದರೆ ತೂಕ ಹೆಚ್ಚಾಯಿತು, ಇಳಿಸಿ. ಬದಿಯ ಕಂಬಿಯನ್ನು ನೀವು ಕೂತಾಗ ರಾಡು ಬರುವ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಇಟ್ಟು, ಮೊದಲ ದಿನವೇ ಖಾಲಿ ರಾಡಿನಲ್ಲಿ ಬೇಕೆಂದೇ ಕೂತು ಕಂಬಿಯ ಮೇಲೆ ರಾಡು ಬಿಟ್ಟು ಹೊರಬರುವುದನ್ನು ಕಲಿಯಿರಿ. ಏಳಲಾಗದಿದ್ದರೆ ಏನು ಗತಿ ಎಂಬ ಭಯ ಅಲ್ಲಿಗೇ ಹೋಗುತ್ತದೆ.

ಬೆಂಚ್ ಪ್ರೆಸ್ ಎಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು. ಅದರಲ್ಲಿ ಹೆಬ್ಬೆರಳು ರಾಡಿನ ಸುತ್ತ ಬರಲೇಬೇಕು. ಕಂಬಿಯಿಲ್ಲದ ಬೆಂಚಿನಲ್ಲಿ ಒಬ್ಬರೇ ಮಾಡುವುದಾದರೆ ಪ್ಲೇಟಿಗೆ ಲಾಕ್ ಹಾಕಬೇಡಿ, ಸಿಕ್ಕಿಕೊಂಡರೆ ಒಂದು ಬದಿಗೆ ವಾಲಿಸಿ ಪ್ಲೇಟು ಜಾರಿಸಬಹುದು. ಓವರ್‌ಹೆಡ್ ಪ್ರೆಸ್‌ನಲ್ಲಿ ಪೃಷ್ಠ ಬಿಗಿಯಾಗಿರಲಿ, ಇಲ್ಲವಾದರೆ ಸೊಂಟ ಹಿಂದಕ್ಕೆ ಬಿಲ್ಲಾಗುತ್ತದೆ.

ಲೆಕ್ಕ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಒಂದು ದಿನ ಸ್ಕ್ವಾಟ್ 3 ಸೆಟ್ 5 ರೆಪ್, ಬೆಂಚ್ ಪ್ರೆಸ್ 3 ಸೆಟ್ 5 ರೆಪ್, ಡಂಬೆಲ್ ರೋ (ಬಗ್ಗಿ ನಿಂತು ಡಂಬೆಲ್ಲನ್ನು ಪಕ್ಕೆಗೆ ಎಳೆಯುವುದು) 3 ಸೆಟ್ 8 ರೆಪ್. ಮುಂದಿನ ಸಲ ಡೆಡ್‌ಲಿಫ್ಟ್ 2 ಸೆಟ್ 5 ರೆಪ್, ಓವರ್‌ಹೆಡ್ ಪ್ರೆಸ್ 3 ಸೆಟ್ 5 ರೆಪ್, ಹಗುರ ಗಾಬ್ಲೆಟ್ ಸ್ಕ್ವಾಟ್. ಹೀಗೇ ಒಂದಾದ ಮೇಲೊಂದು. ಸೆಟ್ಟುಗಳ ನಡುವೆ ಎರಡರಿಂದ ಮೂರು ನಿಮಿಷ ಕೂತುಕೊಳ್ಳಿ. ಕೂತರೆ ಸಮಯ ಹಾಳು ಅನ್ನಿಸಬಹುದು, ಆದರೆ ಮುಂದಿನ ಸೆಟ್ಟಿನ ಬಲ ಹುಟ್ಟುವುದು ಆ ಬಿಡುವಿನಲ್ಲೇ.

40 ಕೆಜಿ ಸ್ಕ್ವಾಟ್ ಮಾಡಬೇಕಾದ ದಿನ ಮೊದಲು ಖಾಲಿ ರಾಡಿನಲ್ಲಿ ಐದೈದು ಸಲದ ಎರಡು ಸೆಟ್, 25 ಕೆಜಿಯಲ್ಲಿ ಐದು, 32.5ರಲ್ಲಿ ಮೂರು. ಆಮೇಲೆ 40.

ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಪ್ರತಿ ಸಲ 2.5 ಕೆಜಿ ಏರಿಸಿ, ಅಂದರೆ ಒಂದೊಂದು ಬದಿಗೆ 1.25. ಆ ಪ್ಲೇಟು ಜಿಮ್ಮಿನಲ್ಲಿ ಇಲ್ಲದಿದ್ದರೆ ಒಂದು ಜೊತೆ ಕೊಂಡಿಟ್ಟುಕೊಳ್ಳಿ. ಎಂಟು ವಾರದಲ್ಲಿ ಸ್ಕ್ವಾಟ್ ದಿನ ಹನ್ನೆರಡು ಸಲ ಬರುತ್ತದೆ. 20ರಿಂದ ಶುರು ಮಾಡಿ ಎಲ್ಲೂ ನಿಲ್ಲದವರು 47.5ಕ್ಕೆ ಬಂದಿರುತ್ತಾರೆ. ಮೈಯ ಮೇಲ್ಭಾಗದ ಪ್ರೆಸ್‌ಗಳಿಗೆ ಈ ಲೆಕ್ಕ ನಡೆಯದು, ಹೆಣ್ಣುಮಕ್ಕಳು ಕೈಚೆಲ್ಲುವುದೂ ಇಲ್ಲೇ. ಎಷ್ಟೋ ಜಿಮ್ಮುಗಳಲ್ಲಿ ಅತಿ ಚಿಕ್ಕ ಪ್ಲೇಟು 2.5 ಕೆಜಿ, ಎರಡೂ ಬದಿಗೆ ಹಾಕಿದರೆ 5. ತಲೆಯ ಮೇಲೆ 60 ಕೆಜಿ ಎತ್ತುವವರಿಗೆ 5 ಕೆಜಿ ಹನ್ನೆರಡರಲ್ಲಿ ಒಂದು ಪಾಲು. 15 ಕೆಜಿ ಎತ್ತುವವರಿಗೆ ಅದು ಮೂರರಲ್ಲಿ ಒಂದು ಪಾಲು. ಸೋತದ್ದು ತೋಳಲ್ಲ, ಪ್ಲೇಟಿನ ಅಳತೆ. ಅರ್ಧ ಕೆಜಿಯ ನಾಲ್ಕು ಜೊತೆ ಪ್ಲೇಟು ಸ್ವಂತಕ್ಕೆ ಕೊಂಡು ಬ್ಯಾಗಿನಲ್ಲಿಟ್ಟುಕೊಳ್ಳಿ. ಸಿಗದಿದ್ದರೆ ಕಾಲಿಗೆ ಕಟ್ಟುವ ಅರ್ಧ ಕೆಜಿಯ ಮರಳು ಪಟ್ಟಿಗಳನ್ನು ರಾಡಿನ ಎರಡು ತುದಿಗೂ ಸಮನಾಗಿ ಬಿಗಿಯಾಗಿ ಸುತ್ತಿ. ಸಲಕ್ಕೆ 1 ಕೆಜಿ ಏರಿಸಿದರೆ 12ರಿಂದ ಶುರು ಮಾಡಿದ ಪ್ರೆಸ್ ಹನ್ನೆರಡನೇ ಸಲಕ್ಕೆ 23.

ಒಂದೇ ತೂಕದಲ್ಲಿ ಎರಡು ಸಲ ಐದು ರೆಪ್ ಮುಗಿಯದಿದ್ದರೆ ಹತ್ತನೇ ಒಂದು ಪಾಲು ಇಳಿಸಿ ಮತ್ತೆ ಏರಿ. ಮುಟ್ಟಿನ ದಿನಗಳಲ್ಲಿ ಎತ್ತಬಾರದೆಂಬ ನಿಯಮವಿಲ್ಲ. ಮೈ ಭಾರವೆನಿಸಿದರೆ ತೂಕ ಇಳಿಸಿ. ಮೂರು ತಿಂಗಳು ಮುಟ್ಟು ನಿಂತುಹೋದರೆ ಮಾತ್ರ ಡಾಕ್ಟರನ್ನು ಕಾಣಿ, ಊಟ ಸಾಲದೆ ಹಾಗಾಗುವುದುಂಟು. ಎರಡು ದಿನ ತೊಡೆ ಬಿಗಿದು ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಸೊಂಟದಿಂದ ಕಾಲಿಗಿಳಿಯುವ ಸೆಳೆತ ಸಹಜವಲ್ಲ, ಅಲ್ಲಿಗೆ ನಿಲ್ಲಿಸಿ.

ಊಟ

ನಿಮ್ಮ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಇದ್ದರೆ 88 ಗ್ರಾಂ. ಎರಡು ಮೊಟ್ಟೆ 12, ಒಂದು ಲೋಟ ಹಾಲು 8, ಹುರುಳಿಯೋ ಹೆಸರುಕಾಳೋ ಐವತ್ತು ಗ್ರಾಂ ಬೇಯಿಸಿದರೆ 11, ದೊಡ್ಡ ಬಟ್ಟಲು ಮೊಸರು 7, ಒಂದು ಹಿಡಿ ಕಡಲೆಕಾಯಿ ಬೀಜ 7, ನೂರು ಗ್ರಾಂ ಪನೀರ್ 18, ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ 7. ಉಳಿದದ್ದು ಅನ್ನ, ಚಪಾತಿ, ಪಲ್ಯದಿಂದ. ಪನೀರ್ ಬದಲು 35 ಗ್ರಾಂ ಒಣ ಸೋಯಾ ಆಗಬಹುದು, ಖರ್ಚೂ ಕಡಿಮೆ. ತಿಳಿಸಾರನ್ನು ಬೇಳೆಯ ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಮನೆಗಳಲ್ಲಿ ಪಾತ್ರೆಯ ತಳದಲ್ಲಿ ಕಾಳು ಉಳಿದಿರುವುದಿಲ್ಲ, ರಸ ಮಾತ್ರ. ನಿಮ್ಮ ಪಾಲಿನ ಕಾಳನ್ನು ಬಡಿಸುವ ಮುಂಚೆಯೇ ತೆಗೆದಿಡಿ. ಕಾಫಿ, ಚಹಾ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಅವು ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ.

ಪುಸ್ತಕ

ಫೋನನ್ನು ಸೊಂಟದ ಎತ್ತರಕ್ಕೆ ಪಕ್ಕದಲ್ಲಿಟ್ಟು ಕೊನೆಯ ಸೆಟ್ಟಿನ ವಿಡಿಯೊ ಮಾಡಿ, ಮನೆಗೆ ಹೋಗುವ ಮುಂಚೆ ಬರೆಯಿರಿ: ‘ಮಂಗಳವಾರ. ಡೆಡ್‌ಲಿಫ್ಟ್ 42.5, 5 ಮತ್ತು 5. ಎರಡನೇ ಸೆಟ್ಟಿನ ಕೊನೆಯ ರೆಪ್ಪಿಗೆ ರಾಡು ಕಾಲಿನಿಂದ ದೂರ ಹೋಯಿತು. ನಿದ್ದೆ ಐದು ಗಂಟೆ.’ ಹೀಗೆ ಬರೆದಿದ್ದರೆ ಮುಂದಿನ ಸಲ 45 ಹಾಕಬೇಡಿ. 42.5ರಲ್ಲೇ, ರಾಡು ಕಾಲಿಗೆ ತಾಗಿಕೊಂಡು ಬರುವ ಹಾಗೆ, ಹತ್ತೂ ರೆಪ್ ಮತ್ತೆ ಎತ್ತಿ.