ಬದಿಯಡ್ಕದ ಬಾಯಿ, ಬೆಂಗಳೂರಿನ ಕ್ಯಾಮೆರಾ

2011ರಲ್ಲಿ ನಾನು ಧಾರಾವಾಹಿಗೆ ಕೊಟ್ಟ ಮೊದಲ ಆಡಿಷನ್‌ನಲ್ಲಿ ಹೇಳಬೇಕಾಗಿದ್ದದ್ದು ಒಂದೇ ಸಾಲು. "ಅಮ್ಮಾ, ನಾನು ಹೋಗಿ ಬರ್ತೀನಿ." ನಾನು ಹೇಳಿದ್ದು "ಹೋಗಿ ಬರ್ತೇನೆ". ಕಾಗದದಲ್ಲಿ ಬರ್ತೀನಿ ಅಂತಲೇ ಇತ್ತು. ಕಣ್ಣು ಅದನ್ನೇ ಓದಿತು, ಬಾಯಿ ಮಾತ್ರ ಊರಿನದ್ದನ್ನು ಹೇಳಿತು. ಮೂರು ಸಲ ಹೇಳಿಸಿದರು. ಮೂರು ಸಲವೂ ಬರ್ತೇನೆ.

"ಮಂಗಳೂರಾ?" ಅಂತ ಕೇಳಿದರು.

"ಅಲ್ಲ ಸಾರ್, ಕಾಸರಗೋಡು. ಬದಿಯಡ್ಕದ ಹತ್ತಿರ."

"ಓ, ಕೇರಳ. ಆದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರ" ಅಂದು ಮುಂದಿನವರನ್ನು ಕರೆದರು.

ಆ ಹೊಗಳಿಕೆ ರಾತ್ರಿ ತುಂಬ ಹೊತ್ತು ಚುಚ್ಚಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ನಿಜ. ನಮ್ಮ ಕನ್ನಡ ಎಲ್ಲಿಗೂ ಹೋಗಲಿಲ್ಲ. ನಾನು ಒಂದನೇ ತರಗತಿಯಿಂದ ಕನ್ನಡ ಮೀಡಿಯಂ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದಿದ್ದೂ ಕನ್ನಡವನ್ನೇ. ಆದರೆ ಅವರಿಗೆ ಕೇಳಿಸಿದ ವ್ಯತ್ಯಾಸ ಸುಳ್ಳಲ್ಲ. ನಮ್ಮ ಮನೆಯಲ್ಲಿ ತುಳು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳಂ. ಕನ್ನಡ ನನಗೆ ಬಂದದ್ದು ಪಾಠಪುಸ್ತಕದಿಂದ ಮತ್ತು ಯಕ್ಷಗಾನದಿಂದ. ಹಾಗಾಗಿ ಅದು ನನ್ನ ಬಾಯಲ್ಲಿ ಇಸ್ತ್ರಿ ಹಾಕಿದ ಸೀರೆಯ ಹಾಗಿತ್ತು. ಧಾರಾವಾಹಿಗೆ ಬೇಕಾದ್ದು ಮನೆಯಲ್ಲಿ ಉಟ್ಟು ಕೆಲಸ ಮಾಡುವ ಸೀರೆ.

ಯಕ್ಷಗಾನದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಟನೆ ನನಗೆ ಹತ್ತಿದ್ದೇ ಅಲ್ಲಿ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವರು. ಆ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಚೆಂಡೆಯ ಸದ್ದು ಜೋಗುಳದ ಜೊತೆಗೇ ಕಿವಿಗೆ ಬೀಳುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಎಂಟನೇ ತರಗತಿಯಿಂದ ನಮ್ಮ ಶಾಲೆಯ ತಂಡದಲ್ಲಿ ನಾನಿದ್ದೆ. ದ್ರೌಪದಿ ಮಾಡಿದ್ದೇನೆ, ದಾಕ್ಷಾಯಿಣಿ ಮಾಡಿದ್ದೇನೆ. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಅರ್ಥ ನಾವೇ ಹೇಳಬೇಕು. ಬಾಯಿಪಾಠ ಮಾಡಿದ್ದು ಮರೆತರೂ ಮಾತು ನಿಲ್ಲಿಸುವ ಹಾಗಿಲ್ಲ. ಒಂದೇ ಒಂದು ಇಂಗ್ಲಿಷ್ ಶಬ್ದ ಬಾಯಿಂದ ಬೀಳುವ ಹಾಗಿಲ್ಲ. ಅಲ್ಲಿ ಸಿಕ್ಕಿದ ಧೈರ್ಯ ನನಗೆ ಬೇರೆ ಯಾವ ತರಬೇತಿಯಿಂದಲೂ ಸಿಗುತ್ತಿರಲಿಲ್ಲ.

ಬೆಂಗಳೂರಿಗೆ ಹೊರಟದ್ದು 2010ರ ಜೂನ್‌ನಲ್ಲಿ. ಪೆರ್ಲ, ಅಡ್ಯನಡ್ಕ, ವಿಟ್ಲ ದಾಟಿ ಕಲ್ಲಡ್ಕದವರೆಗೆ ಅಪ್ಪ ಜೊತೆಗೆ ಬಂದು ರಾತ್ರಿ ಬಸ್ಸು ಹತ್ತಿಸಿದರು. ಶಿರಾಡಿ ಘಾಟಿಯಲ್ಲಿ ಜೋರು ಮಳೆ. ನಿದ್ದೆ ಬರಲಿಲ್ಲ. ಮಲಯಾಳಂ ಬರುತ್ತದೆ ಅಂತ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡೆ. ಹಗಲು ಆಡಿಷನ್‌ಗೆ ಹೋಗಬಹುದಲ್ವಾ.

ಬರ್ತೇನೆ ಪ್ರಸಂಗದ ಮರುದಿನ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ನಮ್ಮದು, ಬಲಕ್ಕೆ ಬೆಂಗಳೂರಿನದ್ದು. ಎಂತ, ಏನು. ಉಂಟು, ಇದೆ. ಹೋದದ್ದು, ಹೋಗಿದ್ದು. ಮಾಡಿದ್ದೇನೆ, ಮಾಡಿದ್ದೀನಿ. ಪಿ.ಜಿ.ಯಲ್ಲಿ ಮಂಡ್ಯದ ಒಬ್ಬ ಹುಡುಗಿ, ತುಮಕೂರಿನ ಒಬ್ಬಳು ಇದ್ದರು. ಅವರು ಫೋನಿನಲ್ಲಿ ಮನೆಯವರ ಜೊತೆ ಮಾತಾಡುವಾಗ ಕಿವಿ ಕೊಟ್ಟು ಕೂರುತ್ತಿದ್ದೆ. ಅವರ ಒಪ್ಪಿಗೆ ಕೇಳಿಯೇ ಕೂರುತ್ತಿದ್ದೆ, ಕದ್ದು ಅಲ್ಲ. ಶಬ್ದಕ್ಕಿಂತ ಕಷ್ಟ ಆದದ್ದು ರಾಗ. ನಾವು ವಾಕ್ಯದ ಕೊನೆಯನ್ನು ಎತ್ತಿ ಇಡುತ್ತೇವೆ, ಅವರು ಇಳಿಸಿಬಿಡುತ್ತಾರೆ. ಅದು ಕಾಗದದಲ್ಲಿ ಬರೆದು ಕಲಿಯುವ ವಿಷಯ ಅಲ್ಲ. ಹಾಗಾಗಿ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲ ಕಡೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಂದೂವರೆ ವರ್ಷ ಬೇಕಾಯಿತು.

ಮೊದಲು ಸಿಕ್ಕಿದ್ದೆಲ್ಲ ಒಂದು ದಿನದ ಪಾತ್ರಗಳು. ನರ್ಸ್, ಮದುವೆ ಮನೆಯ ನೆಂಟರು, ಬ್ಯಾಂಕಿನ ಹುಡುಗಿ. ದಿನಕ್ಕೆ 600 ರೂಪಾಯಿ. ಸೀರೆ, ಬ್ಲೌಸ್ ನಮ್ಮದೇ ತರಬೇಕು. ನಾನು ಅಮ್ಮನ ಕಾಸರಗೋಡು ಕೈಮಗ್ಗದ ಸೀರೆ ಉಟ್ಟು ಹೋಗಿದ್ದೆ. ತೆಳ್ಳನೆಯ ಗೆರೆಗಳಿರುವ ಹತ್ತಿ ಸೀರೆ. ಒಳ್ಳೆಯ ಸೀರೆ ಅದು, ಭೌಗೋಳಿಕ ಸೂಚಕದ ಗುರುತು ಸಿಕ್ಕಿರುವ ನೇಯ್ಗೆ. ಕ್ಯಾಮೆರಾಮನ್ ಮಾನಿಟರ್ ಹತ್ತಿರ ಕರೆದು ತೋರಿಸಿದರು. ನಾನು ಸ್ವಲ್ಪ ಅಲುಗಿದ್ದಕ್ಕೇ ಗೆರೆಗಳೆಲ್ಲ ಪರದೆಯ ಮೇಲೆ ನೀರಿನ ಹಾಗೆ ನಡುಗುತ್ತಿದ್ದವು. ಸಣ್ಣ ಗೆರೆ, ಸಣ್ಣ ಚೌಕುಳಿ ಕ್ಯಾಮೆರಾಗೆ ಆಗುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಬಿಳಿ ಬಣ್ಣವೂ ಕಷ್ಟ, ಬೆಳಕೆಲ್ಲ ಅದರಿಂದಲೇ ತಿರುಗಿ ಹೊಡೆದು ಮುಖ ಕಪ್ಪಾಗಿ ಕಾಣುತ್ತದೆ. ಆ ಸೀರೆಯನ್ನು ಮಡಚಿ ಇಟ್ಟೆ. ಹಬ್ಬಕ್ಕೆ ಊರಿಗೆ ಹೋದಾಗ ಉಡುತ್ತೇನೆ.

2013ರಲ್ಲಿ ಒಂದು ಧಾರಾವಾಹಿಯಲ್ಲಿ ನಾಯಕನ ಅಕ್ಕನ ಪಾತ್ರ ಸಿಕ್ಕಿತು. ತಿಂಗಳಿಗೆ ಹನ್ನೆರಡು ದಿನ ಕೆಲಸ. ಕಾಲ್ ಸೆಂಟರ್ ಬಿಟ್ಟೆ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಕಥೆ ಇರುವುದು ಸುಮಾರು 22 ನಿಮಿಷ. ಅಷ್ಟನ್ನು ಹೆಚ್ಚುಕಮ್ಮಿ ಒಂದೇ ದಿನದಲ್ಲಿ ತೆಗೆಯಬೇಕು. ಬೆಳಿಗ್ಗೆ ಏಳಕ್ಕೆ ಮೇಕಪ್‌ಗೆ ಕೂತರೆ ಪ್ಯಾಕಪ್ ರಾತ್ರಿ ಒಂಬತ್ತೋ ಹತ್ತೋ. ಮಾಸ್ಟರ್ (ಇಡೀ ದೃಶ್ಯ), ಸಜೆಷನ್ (ಎದುರಿನವರ ಭುಜದ ಮೇಲಿಂದ), ಕ್ಲೋಸ್ (ಮುಖ ಹತ್ತಿರದಿಂದ) ಅಂತ ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಬೇಕು. ಮಾಸ್ಟರ್‌ನಲ್ಲಿ ಎಡಗೈಯಲ್ಲಿ ಲೋಟ ಹಿಡಿದಿದ್ದರೆ ಕ್ಲೋಸ್‌ನಲ್ಲೂ ಎಡಗೈಯಲ್ಲೇ ಇರಬೇಕು.

ಬಾಯಿಪಾಠಕ್ಕೆ ಸಮಯ ಇರುವುದಿಲ್ಲ. ಸೀನ್ ಪೇಪರ್ ಬರುವುದೇ ಹತ್ತು ನಿಮಿಷ ಮೊದಲು. ಕ್ಯಾಮೆರಾದ ಪಕ್ಕದಲ್ಲಿ ಸಹಾಯಕ ನಿರ್ದೇಶಕರು ಕೂತು ಪ್ರಾಂಪ್ಟ್ ಮಾಡುತ್ತಾರೆ, ಅಂದರೆ ಸಾಲುಗಳನ್ನು ಹೇಳಿಕೊಡುತ್ತಾರೆ. ಅದು ದೊಡ್ಡ ಸಹಾಯ. ಆದರೆ ಸುಮ್ನೆ ಕೇಳಿ ಹೇಳುತ್ತಾ ಹೋದರೆ ಅವರ ರಾಗವೇ ನಮ್ಮ ಬಾಯಿಗೆ ಬಂದುಬಿಡುತ್ತದೆ. ಮಾತು ಬರುತ್ತದೆ, ಮನುಷ್ಯ ಬರುವುದಿಲ್ಲ.

ನನಗೆ ಇದರಿಂದ ಹೊರಬರುವ ದಾರಿ ಸಿಕ್ಕಿದ್ದು ಒಂದು ಚಿಕ್ಕ ಸೀನಿನಲ್ಲಿ. ಜಗಳ ಮಾಡಿ ಮನೆ ಬಿಟ್ಟು ಹೋದ ತಮ್ಮ ರಾತ್ರಿ ತಿರುಗಿ ಬರುತ್ತಾನೆ. ಅಕ್ಕ "ಊಟ ಆಯ್ತೇನೋ?" ಅಂತ ಕೇಳಬೇಕು. ಅಷ್ಟೇ. ನಾನು ಕಣ್ಣು ಅರಳಿಸಿ, ಧ್ವನಿ ನಡುಗಿಸಿ ಕೇಳಿದೆ. ಯಕ್ಷಗಾನದಲ್ಲಿ ಬಯಲಿನ ಕೊನೆಯಲ್ಲಿ ಕೂತವರಿಗೂ ಕಾಣಬೇಕು. ಇಲ್ಲಿ ಕ್ಯಾಮೆರಾ ಒಂದು ಮಾರು ದೂರದಲ್ಲಿದೆ. "ಜಾಸ್ತಿ ಆಯ್ತಮ್ಮ" ಅಂದರು ನಿರ್ದೇಶಕರು. ಎರಡನೇ ಸಲವೂ ಜಾಸ್ತಿಯೇ ಆಯಿತು. ಮೂರನೆಯದಕ್ಕೆ ಮೊದಲು ಯೋಚಿಸಿದೆ, ಅಮ್ಮ ಇದನ್ನು ಹೇಗೆ ಕೇಳುತ್ತಿದ್ದರು?

ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ಜಗಳ ಆದ ದಿನ ನಾನು ಮುಖ ಊದಿಸಿಕೊಂಡು ಒಳಗೆ ಬಂದರೆ ಅವರು ತಲೆ ಎತ್ತುತ್ತಿರಲಿಲ್ಲ. ಮಡಿಲಲ್ಲಿ ತಡ್ಪೆ, ಅಂದರೆ ಗೆರಸೆ. ಎಲೆಗೆ ಹೊಗೆಸೊಪ್ಪು ಹಾಕಿ, ಸುತ್ತಿ, ನೂಲು ಕಟ್ಟಿ, ಇನ್ನೊಂದು ಎಲೆಗೆ ಕೈ ಹಾಕುವಾಗ ಕೇಳುತ್ತಿದ್ದರು. "ಒಣಸ್ ಆಂಡಾ?" ಆ ಕೈ ಒಂದು ಕ್ಷಣ ಎಲೆಯ ಮೇಲೆ ನಿಲ್ಲುತ್ತಿತ್ತು, ನನ್ನ ಉತ್ತರಕ್ಕೆ.

ಸೆಟ್ಟಿನಲ್ಲಿ ನನ್ನ ಮುಂದೆ ಮಡಚಲು ಇಟ್ಟ ಬಟ್ಟೆಗಳಿದ್ದವು. ತಲೆ ಎತ್ತದೆ ಒಂದು ಶರ್ಟ್ ಮಡಚಿದೆ. ಇನ್ನೊಂದಕ್ಕೆ ಕೈ ಹಾಕಿ, ಕೈಯನ್ನು ಅಲ್ಲೇ ನಿಲ್ಲಿಸಿ ಕೇಳಿದೆ. "ಊಟ ಆಯ್ತೇನೋ?" ಪ್ರಾಂಪ್ಟರ್ ಸುಮ್ಮನಿದ್ದರು. ಕಟ್ ಹೇಳಲು ನಿರ್ದೇಶಕರು ತುಸು ತಡ ಮಾಡಿದರು.

ಅಲ್ಲಿಂದ ಮುಂದೆ ಯಾವ ಸೀನ್ ಕೊಟ್ಟರೂ ಮೊದಲು ಮನಸ್ಸಿನಲ್ಲೇ ತುಳುವಿನಲ್ಲಿ ಹೇಳಿ ನೋಡುತ್ತೇನೆ. ಆಮೇಲೆ ಕನ್ನಡ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ನೋಡಬಾರದು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಬೇಕಾಗುತ್ತದೆ. ಕೆಲಸ ಮಾಡಿದ ತಿಂಗಳಿಗೇ ದುಡ್ಡು ಬರುವುದಿಲ್ಲ. ಎರಡು ಮೂರು ತಿಂಗಳು ಹಿಡಿಯುತ್ತದೆ. ಬರುವಾಗ ಶೇ 10 ತೆರಿಗೆ ಕಡಿತ ಆಗಿರುತ್ತದೆ. ಧಾರಾವಾಹಿ ಯಾವತ್ತು ನಿಲ್ಲುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಹಾಗೆ ನಿಂತ ಒಂದು ಧಾರಾವಾಹಿಯಿಂದ ನನಗೆ ಹದಿನಾಲ್ಕು ದಿನದ ದುಡ್ಡು ಬರಲೇ ಇಲ್ಲ. ಆಮೇಲಿಂದ ಪ್ರತಿದಿನ ಡೈರಿಯಲ್ಲಿ ದಿನಾಂಕ, ಬಂದ ಹೊತ್ತು, ಹೋದ ಹೊತ್ತು ಬರೆದು ಮ್ಯಾನೇಜರ್ ಕೈಲಿ ಸಹಿ ಹಾಕಿಸುತ್ತೇನೆ. ಆರು ತಿಂಗಳ ಬಾಡಿಗೆ ಬೇರೆ ಖಾತೆಯಲ್ಲಿ ಇಟ್ಟಿರುತ್ತೇನೆ. ಅದನ್ನು ಮುಟ್ಟುವುದಿಲ್ಲ.

2017ರಲ್ಲಿ ಕರಾವಳಿಯ ಚಿಕ್ಕಮ್ಮನ ಪಾತ್ರ ಬಂತು. ಖುಷಿಯಲ್ಲಿ ಪೇಪರ್ ತೆಗೆದು ನೋಡಿದರೆ ಪ್ರತಿ ಸಾಲಿಗೂ "ಎಂತ ಮಾರಾಯ್ರೆ". ಅಡುಗೆ ಮನೆಯಲ್ಲೂ ಮಾರಾಯ್ರೆ, ಆಸ್ಪತ್ರೆಯಲ್ಲೂ ಮಾರಾಯ್ರೆ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾತಾಡಲಿಲ್ಲ. ಸಂಭಾಷಣೆ ಬರೆಯುವವರಿಗೆ ಫೋನ್ ಮಾಡಿ, ನನ್ನ ನೋಟ್‌ಬುಕ್ಕಿನ ಎಡಭಾಗವನ್ನು ಓದಿ ಹೇಳಿದೆ. ದೊಡ್ಡವರಿಗೆ, ಹೊರಗಿನವರಿಗೆ ಮಾರಾಯ್ರೆ. ಗೆಳತಿಗೆ ಮಾರಾಯ್ತಿ. ಗಂಡುಹುಡುಗನಿಗೆ ಮಾರಾಯ. ಸತ್ತ ಮನೆಯಲ್ಲಿ ಯಾವುದೂ ಇಲ್ಲ. ಅವರು ತಾಳ್ಮೆಯಿಂದ ಕೇಳಿದರು. ಮುಂದಿನ ವಾರದಿಂದ ಸಾಲುಗಳನ್ನು ಮೊದಲೇ ನನಗೆ ಕಳಿಸತೊಡಗಿದರು. ನಮ್ಮ ಭಾಷೆ ಬರೀ ನಗುವುದಕ್ಕೆ ಇರುವುದಲ್ಲ. ಅದರಲ್ಲಿ ನಾವು ಅಳುತ್ತೇವೆ, ಸಾಲ ಕೇಳುತ್ತೇವೆ, ಹೆಣ ಎತ್ತುತ್ತೇವೆ.

ಆ ಪಾತ್ರವನ್ನು ನನ್ನ ಊರಿನಲ್ಲಿ ಎಲ್ಲರೂ ನೋಡುತ್ತಿದ್ದರು. ಆದರೆ ಕನ್ನಡ ವಾಹಿನಿಗಳು ಪ್ರತಿ ಗುರುವಾರ ಕಾಯುವ ಟಿ.ಆರ್.ಪಿ. ಲೆಕ್ಕ ಕರ್ನಾಟಕದ ಮನೆಗಳದ್ದು. ಬದಿಯಡ್ಕದ ಟಿ.ವಿ. ಆ ಲೆಕ್ಕಕ್ಕೆ ಬರುವುದಿಲ್ಲ. ಗೊತ್ತಾದ ದಿನ ಬೇಜಾರಾಗಿತ್ತು, ಈಗಲೂ ಆಗುತ್ತದೆ.

2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು. ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಅಪ್ಪ ತಿಂಗಳ ತಪಾಸಣೆಗೆ ಮಂಗಳೂರಿಗೇ ಹೋಗುತ್ತಿದ್ದವರು, ಹೋಗಲಾಗಲಿಲ್ಲ. ನಾನು ಬೆಂಗಳೂರಿನಲ್ಲಿ, ಅವರು ಅಲ್ಲಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡುವುದು ಬಿಟ್ಟರೆ ಏನೂ ಮಾಡಲಾಗಲಿಲ್ಲ.

ಅದೇ ಹೊತ್ತಿಗೆ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದವು. ನಮ್ಮಲ್ಲಿ ಎಷ್ಟೋ ಜನರಿಗೆ ಇದರಿಂದ ಕೆಲಸ ಹೋಗುತ್ತದೆ ಅನ್ನುವ ಭಯ. ನನಗೂ ಇತ್ತು, ಈಗಲೂ ಇದೆ. ಆದರೆ ಮನೆ ಬಾಡಿಗೆ ಕಟ್ಟಬೇಕಿತ್ತು. ಒಂದು ರಾಣಿಯ ಪಾತ್ರಕ್ಕೆ ಧ್ವನಿ ಪರೀಕ್ಷೆಗೆ ಹೋದೆ. ಅಭ್ಯಾಸದಂತೆ "ಬರ್ತೀನಿ" ಅಂದೆ. "ಮೇಡಂ, ಇಲ್ಲಿ ಶುದ್ಧವಾಗಿ ಬೇಕು. ಬರುತ್ತೇನೆ ಅನ್ನಿ" ಅಂದರು ಗಾಜಿನ ಆಚೆಯಿಂದ. ನನ್ನ ಗಂಟಲು ಕಟ್ಟಿತು. ನೀರು ಕುಡಿದು, ಕಲೋತ್ಸವದ ದ್ರೌಪದಿಯನ್ನು ನೆನೆದು ಹೇಳಿದೆ. ಒಂದೇ ಟೇಕ್.

ಈಗ ತಿಂಗಳಿಗೆ ಹತ್ತು ದಿನ ಶೂಟಿಂಗ್, ಎಂಟು ದಿನ ಡಬ್ಬಿಂಗ್. ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದಿದ್ದೇನೆ. ಮೂರನೇ ಭಾಗದಲ್ಲಿ ತುಟಿಗೆ ಕೂರುವ ಶಬ್ದಗಳು. ಹಿಂದಿಯ ನಟಿಯ ತುಟಿ ಕೂಡುವಲ್ಲಿ ನಮಗೂ ಪ, ಬ, ಮ ಬರಬೇಕು. ಆಕೆ "ಪುತ್ರ್" ಅಂದಲ್ಲಿ "ಕಂದಾ" ಕೂರುವುದಿಲ್ಲ. "ಮಗನೇ" ಕೂರುತ್ತದೆ.