ನರಹಾನಿಯ ಗುರುತು ರಕ್ತದಲ್ಲಿ: ಪರೀಕ್ಷೆಯ ಫಲಿತಾಂಶವನ್ನು ಓದುವುದು ಹೇಗೆ?

ಮಧುಮೇಹದಿಂದ ನರಗಳಿಗೆ ಆಗುವ ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಕಾಲ್ಬೆರಳುಗಳಲ್ಲಿ. ದೇಹದ ಅತಿ ಉದ್ದನೆಯ ನರತಂತುಗಳು ಬಂದು ಮುಗಿಯುವುದು ಅಲ್ಲಿಯೇ. ಜೋಮು, ಉರಿ, ಸೂಜಿ ಚುಚ್ಚಿದಂಥ ನೋವು ಕೆಲವರನ್ನು ಎಚ್ಚರಿಸುತ್ತವೆಯಾದರೂ, ಅನೇಕರಲ್ಲಿ ಅಂಥ ಯಾವ ಸೂಚನೆಯೂ ಇಲ್ಲದೆ ಸ್ಪರ್ಶಜ್ಞಾನ ಕುಗ್ಗುತ್ತ ಹೋಗುತ್ತದೆ. ಹಾನಿಯ ಸುಳಿವನ್ನು ರಕ್ತದಲ್ಲಿ ಹುಡುಕುವ ಪ್ರಯತ್ನ ನಡೆದಿರುವುದು ಈ ಕಾರಣಕ್ಕಾಗಿ.

ರಕ್ತ ಪರೀಕ್ಷೆಗೂ ಮೊದಲು ಆಗಬೇಕಾದದ್ದು ಪಾದ ಪರೀಕ್ಷೆ. 10 ಗ್ರಾಂ ಒತ್ತಡಕ್ಕೆ ಬಾಗುವ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಸ್ಪರ್ಶವನ್ನೂ, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್‌ನಿಂದ ಕಂಪನದ ಅರಿವನ್ನೂ ವೈದ್ಯರು ನೋಡುತ್ತಾರೆ. ಟೈಪ್ 2 ಮಧುಮೇಹ ಪತ್ತೆಯಾದ ಕೂಡಲೇ, ಟೈಪ್ 1ರಲ್ಲಿ ಪತ್ತೆಯಾದ 5 ವರ್ಷಗಳ ಬಳಿಕ ಈ ತಪಾಸಣೆ ಆರಂಭವಾಗಿ ವರ್ಷಕ್ಕೊಮ್ಮೆ ನಡೆಯಬೇಕು. ಇದರ ಸ್ಥಾನವನ್ನು ತುಂಬಬಲ್ಲ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ.

ಬಳಿಕ, ನರಹಾನಿಗೆ ಬೇರೆ ಕಾರಣಗಳಿವೆಯೇ ಎಂದು ನೋಡಬೇಕು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಮತ್ತು ಆ ಕೊರತೆಯೂ ಪಾದಗಳಲ್ಲಿ ಇದೇ ಬಗೆಯ ಜೋಮನ್ನು ತರುತ್ತದೆ. ಸರಿಪಡಿಸಬಹುದಾದ ಈ ಕಾರಣವನ್ನು ಗಮನಿಸದೆ ಬಿಡುವುದು ನಿಜಕ್ಕೂ ನೋವಿನ ಸಂಗತಿ.

ಇನ್ನು ಸೂಚಕಗಳ, ಅಂದರೆ ನರಹಾನಿಯ ಸುಳಿವು ಕೊಡುವ ರಕ್ತದಲ್ಲಿನ ಅಂಶಗಳ ವಿಚಾರ. ಹೆಚ್ಚು ಭರವಸೆ ಮೂಡಿಸಿರುವುದು ನ್ಯೂರೋಫಿಲಮೆಂಟ್ ಲೈಟ್ ಚೈನ್ ಎಂಬ ಪ್ರೋಟೀನ್. ನರತಂತುವಿಗೆ ಒಳಗಿನಿಂದ ಆಧಾರ ಕೊಡುವ ಎಳೆಗಳ ಭಾಗವಾದ ಇದು, ತಂತು ಹಾನಿಗೊಂಡಾಗ ಹೊರಕ್ಕೆ ಸೋರಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಪ್ರತಿ ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂಗಳಷ್ಟು. ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷಕೋಟಿಯಲ್ಲಿ ಒಂದು ಭಾಗ. ಆದ್ದರಿಂದ ಅತಿ ಸೂಕ್ಷ್ಮ ಉಪಕರಣಗಳು ಬಂದ ಮೇಲಷ್ಟೇ ರಕ್ತದಲ್ಲಿ ಇದನ್ನು ನೆಚ್ಚಿಕೊಳ್ಳುವಂತೆ ಅಳೆಯಲು ಸಾಧ್ಯವಾಯಿತು. ಜೀನ್‌ಗಳ ಕೆಲಸವನ್ನು ನಿಯಂತ್ರಿಸುವ ಪುಟ್ಟ ಅಣುಗಳಾದ, ಉರಿಯೂತವನ್ನು ಹತೋಟಿಯಲ್ಲಿಡುವ ಮೈಕ್ರೋಆರ್‌ಎನ್‌ಎ-146ಎ ಮೊದಲಾದವುಗಳ ಅಧ್ಯಯನವೂ ನಡೆದಿದೆ. ಅವು ಸದ್ಯಕ್ಕೆ ಸಂಶೋಧನೆಯ ಮಟ್ಟದಲ್ಲಿವೆ.

ಫಲಿತಾಂಶ ಕೈಗೆ ಬಂದಾಗ ಅಂಕಿಯೊಂದನ್ನೇ ನೋಡಿ ನಿರ್ಧರಿಸಬಾರದು. ವಯಸ್ಸಾದಂತೆ ಈ ಪ್ರೋಟೀನಿನ ಮಟ್ಟ ತಾನಾಗಿಯೇ ಏರುತ್ತದೆ. ಮೂತ್ರಪಿಂಡ ದುರ್ಬಲವಾದಾಗಲೂ ಏರುತ್ತದೆ. ಸ್ಥೂಲಕಾಯದವರಲ್ಲಿ ಕಡಿಮೆ ಕಾಣಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಮಿದುಳು ಮತ್ತು ಬೆನ್ನುಹುರಿಯ ಕಾಯಿಲೆಗಳಲ್ಲಿಯೂ ಅದು ಹೆಚ್ಚುವುದರಿಂದ, ಎಲ್ಲೋ ನರತಂತುಗಳಿಗೆ ಪೆಟ್ಟು ಬಿದ್ದಿದೆ ಎಂದಷ್ಟೇ ಹೇಳಬಲ್ಲದೇ ಹೊರತು ಎಲ್ಲಿ, ಏಕೆ ಎಂಬುದನ್ನಲ್ಲ. ಹೀಗಾಗಿ ವರದಿಯನ್ನು ವಯಸ್ಸು, ತೂಕ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಅಂಶ) ಮತ್ತು ಪಾದ ಪರೀಕ್ಷೆಯ ವಿವರಗಳ ಜೊತೆಗಿಟ್ಟು ವೈದ್ಯರಿಂದ ಓದಿಸಬೇಕು. ಮತ್ತೆ ಪರೀಕ್ಷೆ ಮಾಡಿಸುವುದಾದರೆ ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಮಾಡಿಸಬೇಕು. ವಿಧಾನ ಬದಲಾದರೆ ಅಂಕಿಯೂ ಬದಲಾಗುವುದರಿಂದ ಎರಡು ವರದಿಗಳ ಹೋಲಿಕೆಗೆ ಅರ್ಥವಿರುವುದಿಲ್ಲ.