ಸಿಮೆಂಟ್ ಇಲ್ಲದೆ ತೇರಿನ ಬೀದಿಗೆ ಚಪ್ಪಡಿ ಹಾಸಿದ್ದು: ನನ್ನ ಅನುಭವ

ಮಳೆಗಾಲ ಕಳೆಯಿತು, ತೇರೂ ಹೋಗಿ ಬಂತು. ನಾನು ಹಾಸಿದ ಬೀದಿಯಲ್ಲಿ ಒಂದು ಚಪ್ಪಡಿಯೂ ಅಲುಗಾಡುತ್ತಿಲ್ಲ. ಕೆಳಗೆ ಕಾಂಕ್ರೀಟ್ ಬೆಡ್ ಇಲ್ಲದೆ ಕಲ್ಲು ನಿಲ್ಲಲ್ಲ ಅಂತ ಹೇಳಿದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಜಿನಿಯರುಗಳು ಹೇಳಿದರು, ಕಂಟ್ರಾಕ್ಟರ್ ಗೆಳೆಯರು ಹೇಳಿದರು, ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ "ಬೇಡ ಕಣಪ್ಪ, ದುಡ್ಡು ಕಳ್ಕೋತೀಯ" ಅಂದರು. ಈಗ ಅವರೇ ಬೇರೆ ಊರಿನವರನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದಾರೆ. ಕೆಲಸ ಗೊತ್ತಿರುವವರು ಓದುತ್ತೀರಿ ಅಂದುಕೊಂಡಿದ್ದೇನೆ, ದಾರ ಕಟ್ಟುವುದು, ರಸಮಟ್ಟ ಇಡುವುದು ಎಲ್ಲ ವಿವರಿಸುವುದಿಲ್ಲ.

ಊರಿನ ಹೆಸರು ಬೇಡ. ಹಾಸನ ಜಿಲ್ಲೆಯ ಒಂದು ಹಳೇ ಪೇಟೆ. ಒಂದು ತುದಿಗೆ ದೇವಸ್ಥಾನ, ಇನ್ನೊಂದು ತುದಿಗೆ ಅರಳಿಕಟ್ಟೆ, ನಡುವೆ ಇನ್ನೂರು ಚಿಲ್ಲರೆ ಮೀಟರ್ ಬೀದಿ. ಅಗಲ ಇಪ್ಪತ್ತಡಿ ಆಜುಬಾಜು. ಎರಡೂ ಕಡೆ ಜಗಲಿ ಮನೆಗಳು, ಅರ್ಧಕ್ಕೆ ಅರ್ಧ ಈಗ ಅಂಗಡಿಗಳು.

ಬೀದಿಯ ರೋಗ ಏನು ಅಂದರೆ ಮಟ್ಟ. ಡಾಂಬರಿನ ಮೇಲೆ ಡಾಂಬರು ಬಿತ್ತು, ಅದರ ಮೇಲೆ ಕಾಂಕ್ರೀಟ್, ಅದರ ಮೇಲೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕೂಡಿಸುವ ಸಿಮೆಂಟ್ ಬ್ಲಾಕು. ಹಳೇದನ್ನು ಯಾರೂ ಕಿತ್ತಿಲ್ಲ. ಕೀಳಲು ದುಡ್ಡು ಬೇಕು, ಬಿಲ್ಲಿನಲ್ಲಿ ಅದು ಕಾಣಲ್ಲ. ಹೀಗೆ ರಸ್ತೆ ಒಂದಡಿಗೂ ಜಾಸ್ತಿ ಮೇಲೆದ್ದು, ಮಳೆ ಬಂದರೆ ನೀರು ಸೀದಾ ನಡುಮನೆಗೆ. ಬಳೆ ಅಂಗಡಿ ಮನೆಗೆ ಮೊದಲು ಮೂರು ಮೆಟ್ಟಿಲು ಇದ್ದವಂತೆ, ನಾನು ಹೋದಾಗ ಕಾಣುತ್ತಿದ್ದದ್ದು ಒಂದೇ. ಅದಕ್ಕೇ ನಾನು ಹೇಳುವುದು, ಹಳೇ ಪೇಟೆಯಲ್ಲಿ ಬೀದಿ ಚೆಂದ ಮಾಡುವ ಕೆಲಸ ಶುರುವಾಗಬೇಕಾದ್ದು ಅಗೆದು ಕೆಳಗೆ ಹೋಗುವುದರಿಂದ. ದೀಪದ ಕಂಬ, ಬೆಂಚು, ಕುಂಡ ಎಲ್ಲ ಆಮೇಲೆ.

ಅಗೆದಾಗ ಸಿಕ್ಕಿತು ನೋಡಿ ನಿಧಿ. ಹಳೇ ಕಾಲದ ಚಪ್ಪಡಿ, ಬೂದು ಬಣ್ಣದ ಗಟ್ಟಿ ಕಲ್ಲು, ಐದಾರು ಇಂಚು ದಪ್ಪ, ಕೆಲವು ನಾಲ್ಕಡಿ ಉದ್ದ. ಬೀದಿಯ ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ಆಗುವಷ್ಟು ಅಲ್ಲೇ ಹೂತಿತ್ತು. ನಾಲ್ಕಡಿಗೆ ಎರಡಡಿ, ಐದಿಂಚು ದಪ್ಪದ ಒಂದು ಕಲ್ಲು ಇನ್ನೂರೈವತ್ತು ಕೆಜಿ ಹತ್ತಿರ ತೂಗುತ್ತೆ. 80 ಎಂಎಂ ಇಂಟರ್‌ಲಾಕ್ ಬ್ಲಾಕು ಐದು ಕೆಜಿ ಕೂಡ ಬರಲ್ಲ. ಟ್ರಾಕ್ಟರ್ ಬ್ರೇಕ್ ಹಾಕಿದರೆ ಯಾವುದು ಜರುಗುತ್ತೆ ನೀವೇ ಹೇಳಿ. ಭಾರವೇ ಅದರ ಸಿಮೆಂಟು.

ಬೇಲೂರಿನ ಗುಡಿ 1117ರದ್ದು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು, ಹಳೇಬೀಡೂ ಹಾಗೇ. ಅದನ್ನು ನೋಡಿಕೊಂಡೇ ಬೆಳೆದ ನಾವು ಕಲ್ಲು ಹಾಸಲು ಸಿಮೆಂಟ್ ಮೂಟೆ ಎಣಿಸುತ್ತೇವಲ್ಲ, ಅದು ನನಗೆ ನಿಜವಾಗಿ ಬೇಜಾರು. ಒಂದು ಮಾತು, ಗುಡಿಯ ಬಳಪದ ಕಲ್ಲು ಕೆತ್ತನೆಗೆ ಸರಿ, ಬೀದಿಗೆ ಬೇಡ. ಮೆದು, ಬೇಗ ಸವೆಯುತ್ತೆ. ಬೀದಿಗೆ ಗ್ರಾನೈಟೇ ಆಗಬೇಕು.

ಇನ್ನು ಹಾಸಿದ ರೀತಿ. ಮಣ್ಣಿನ ಮೇಲೆ ಆರಿಂಚು ಜಲ್ಲಿ, ಚೆನ್ನಾಗಿ ದಮ್ಮಸು. ಅದರ ಮೇಲೆ ಒಂದೂವರೆ ಇಂಚು 6 ಎಂಎಂ ಜಲ್ಲಿ, ಧೂಳು ತೊಳೆದದ್ದು. ಎಲ್ಲರೂ ಎಂ-ಸ್ಯಾಂಡ್, ಅಂದರೆ ಕಲ್ಲು ಅರೆದು ಮಾಡಿದ ಮರಳು ಹಾಕುತ್ತಾರೆ, ನಮ್ಮಲ್ಲೂ ಶುರುವಿನಲ್ಲಿ ನಮ್ಮ ಷೆಡ್ ಮುಂದೆ ಅದನ್ನೇ ಹಾಕಿ ನೋಡಿದ್ದೆವು. ಧೂಳು ಜಾಸ್ತಿ ಇದ್ದ ಲೋಡು, ನೀರು ಕುಡಿದು ಕೆಸರಾಯಿತು, ಗಾಡಿ ಹತ್ತಿದ ಕೂಡಲೇ ಸಂದಿಯಲ್ಲಿ ಬಗ್ಗಡ ಮೇಲೆ ಬಂತು. ಜಲ್ಲಿಯಲ್ಲಿ ನೀರು ನಿಲ್ಲುವುದೇ ಇಲ್ಲ.

ಹಳೇ ಚಪ್ಪಡಿಯ ತಳ ಒರಟು, ಒಂದೊಂದರದ್ದು ಒಂದೊಂದು ಆಕಾರ. ಪ್ರತಿ ಕಲ್ಲಿಗೂ ಬೇರೆ ಹಾಸಿಗೆ ಮಾಡಬೇಕು. ನಡುವೆ ಜಲ್ಲಿ ಒಂದು ಬೆರಳು ತಗ್ಗಿಸಿ, ಅಂಚಿಗೆ ತುಂಬಿ, ನಾಲ್ಕು ಜನ ಹಾರೆಯಲ್ಲಿ ಕೂರಿಸುತ್ತಾರೆ. ನಡುವೆ ಉಬ್ಬಿದ್ದರೆ ಕಲ್ಲು ಖಂಡಿತ ಆಡುತ್ತೆ. ಆಮೇಲೆ ಮರದ ದಿಮ್ಮಿಯಲ್ಲಿ ನಾಲ್ಕೂ ಮೂಲೆಗೆ ಗುದ್ದು. ಕೊನೆಗೆ ಹಾರೆಯ ತುದಿಯಿಂದ ತಟ್ಟಿ ಕಿವಿ ಕೊಡಬೇಕು. ದಪ್ ಅಂತ ತುಂಬಿದ ಸದ್ದು ಬಂದರೆ ಮುಂದಿನ ಕಲ್ಲಿಗೆ ಹೋಗಿ. ಪೊಳ್ಳು ಸದ್ದು ಬಂದರೆ ಎಷ್ಟೇ ಹೊತ್ತಾಗಿರಲಿ, ಎತ್ತಿ ಮತ್ತೆ ಕೂರಿಸಿ. ನಮ್ಮ ಹುಡುಗರಲ್ಲಿ ಒಬ್ಬನಿಗೆ ಇದು ಎಷ್ಟು ಚೆನ್ನಾಗಿ ಬಂತು ಅಂದರೆ ನಡೆದುಕೊಂಡು ಹೋಗುತ್ತಲೇ ಕಾಲಿನಲ್ಲೇ ಹೇಳಿಬಿಡುತ್ತಾನೆ, ಈ ಕಲ್ಲು ಸರಿಯಿಲ್ಲ ಅಂತ.

ಇಳಿಜಾರು ಹತ್ತಡಿಗೆ ಎರಡೂವರೆ ಇಂಚು, ನಡುವಿನಿಂದ ಎರಡೂ ಕಡೆಗೆ. ಜಗಲಿಯಿಂದ ಒಂದೂವರೆ ಅಡಿ ಬಿಟ್ಟು ಬಾಗಿದ ಕಲ್ಲಿನ ಕಾಲುವೆ, ಎರಡಿಂಚು ಆಳ ಮಾತ್ರ, ಸ್ಕೂಟರೂ ಹೋಗುತ್ತೆ, ವಯಸ್ಸಾದವರೂ ಎಡವಲ್ಲ. ಫುಟ್‌ಪಾತ್ ಯಾಕೆ ಇಲ್ಲ ಅಂತ ಕೇಳಿದರು. ಪಾದಚಾರಿ ದಾರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿದ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕು. ಎರಡು ಕಡೆ ಬಿಟ್ಟರೆ ತೇರಿಗೆ ಎಲ್ಲಿ ಜಾಗ? ಅದಕ್ಕೆ ಇಡೀ ಬೀದಿ ಒಂದೇ ಮಟ್ಟ, ಮುರಿದ ಚಪ್ಪಡಿಗಳನ್ನು ಅಲ್ಲಲ್ಲಿ ನಿಲುಗಲ್ಲು ಮಾಡಿ ನೆಟ್ಟೆ. ಕಾರು ನಿಲ್ಲುವುದು ತಾನಾಗಿ ಕಡಿಮೆಯಾಯಿತು. ತೇರಿನ ದಾರಿಯಲ್ಲಿರುವ ನಿಲುಗಲ್ಲು ಎತ್ತಿ ತೆಗೆಯುವಂಥವು.

ಸಂದಿಗೆ ಏನು ತುಂಬಿದೆ ಅಂತ ಎಲ್ಲರೂ ಕೇಳುತ್ತಾರೆ. ಕಲ್ಲಿನ ಪುಡಿ ಅಂತ ಹೇಳುತ್ತೇನೆ, ಸುಳ್ಳಲ್ಲ. ಜೊತೆಗೆ ಇನ್ನೆರಡು ಇವೆ, ಅಳತೆಯೂ ಇದೆ, ಅದು ನನ್ನ ಹತ್ತಿರವೇ ಇರಲಿ. ಮುಂದಿನ ಟೆಂಡರ್‌ಗಳಿಗೆ ನಾನೂ ಹೋಗಬೇಕಲ್ವಾ.

ತೊಂದರೆ ಆಗಲಿಲ್ಲವೇ? ಆಯಿತು. ಮೊದಲ ಜೂನ್ ಮಳೆಗೆ ದೇವಸ್ಥಾನದ ಕಡೆ ಮೂವತ್ತಡಿ ಕುಸಿಯಿತು. ಊರೆಲ್ಲ ಬಂದು ನೋಡಿತು, ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ಕಲ್ಲು ಎತ್ತಿ ನೋಡಿದರೆ ಯಾವುದೋ ಕಾಲದ ಮನೆ ನಲ್ಲಿಯ ಪೈಪು ತೂತು, ಒಳಗೊಳಗೇ ಮಣ್ಣು ಕೊಚ್ಚಿಕೊಂಡು ಹೋಗಿತ್ತು. ಪೈಪು ಬದಲಿಸಿ ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಲು ಅರ್ಧ ದಿನ ಸಾಕಾಯಿತು. ಕಾಂಕ್ರೀಟ್ ಆಗಿದ್ದರೆ ಬ್ರೇಕರ್ ತಂದು ಒಡೆದು, ಮೇಲೆ ತೇಪೆ ಹಾಕಿ, ಆ ತೇಪೆ ಇವತ್ತಿಗೂ ಕಾಣುತ್ತಿತ್ತು. ಆಗಲೇ ಎದುರು ಸಾಲಿನ ಅಂಗಡಿಯವರು ಮೊದಲ ಸಲ ನನ್ನ ಕಡೆ ಮಾತಾಡಿದ್ದು. ಕೂಲಿ ಮಾತ್ರ ನನ್ನ ಜೇಬಿನಿಂದ ಹೋಯಿತು.

ಹೊಸ ಕಲ್ಲಿನಲ್ಲೂ ಪೆಟ್ಟು ಬಿತ್ತು. ನಾಲ್ಕಿಂಚು ಕೇಳಿದ್ದಕ್ಕೆ ಒಬ್ಬ ಸಪ್ಲೈಯರ್ ಮೂರಿಂಚಿನದು, ಅದೂ ಮಿಷನ್‌ನಲ್ಲಿ ಕೊಯ್ದ ನುಣುಪು ಕಲ್ಲು ಇಳಿಸಿ ಹೋದ. ಮಳೆಯಲ್ಲಿ ಅದರ ಮೇಲೆ ನಡೆದರೆ ಸೊಂಟ ಮುರಿಯುತ್ತೆ. ವಾಪಸ್ ತಗೊಳ್ಳಲಿಲ್ಲ. ಅವನ್ನೆಲ್ಲ ಕಟ್ಟೆಗೆ ಕೂರುವ ಕಲ್ಲು ಮಾಡಿದೆ, ಹೂ ಮಾರುವ ಅಕ್ಕಂದಿರು ಈಗ ಅಲ್ಲೇ ಬುಟ್ಟಿ ಇಡುತ್ತಾರೆ.

ದುಡ್ಡಿನ ಲೆಕ್ಕ, ನೆನಪಿನಲ್ಲಿ ಇದ್ದಷ್ಟು. ಹಳೇ ಚಪ್ಪಡಿ ಎತ್ತಿ, ಅಂಚು ಚಾಣ ಹೊಡೆಸಲು ಚದರಡಿಗೆ 35-40 ರೂಪಾಯಿ. ಹೊಸ ಕಲ್ಲು ಸಾಗಾಣಿಕೆ ಸೇರಿ 110ರ ಸುಮಾರು. ಹಾಸುವ ಕೂಲಿ 30. ಜಲ್ಲಿ, ಕಾಲುವೆ ಎಲ್ಲ ಸೇರಿ ಚದರಡಿಗೆ ಸರಾಸರಿ 125 ಬಿತ್ತು. ಅದೇ ಬೀದಿಗೆ ಕಾಂಕ್ರೀಟ್ ಎಸ್ಟಿಮೇಟೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಷ್ಟ ಬೇರೆ ಕಡೆ ಇದೆ. ಹಳೇ ಕಲ್ಲು ಎತ್ತಿ ಮತ್ತೆ ಹಾಸುವುದಕ್ಕೆ ಎಸ್‌ಆರ್‌ನಲ್ಲಿ, ಅಂದರೆ ಸರ್ಕಾರಿ ದರಪಟ್ಟಿಯಲ್ಲಿ, ಹೊಂದುವ ಐಟಂ ನಮಗೆ ಸಿಗಲಿಲ್ಲ, ಬೇರೆ ರೇಟು ಕಟ್ಟಿಸಬೇಕಾಯಿತು. ಬಿಲ್ಲು ಪಾಸಾಗುವವರೆಗೆ ಚೀಟಿ ಎತ್ತಿದೆ, ಮನೆಯ ಒಡವೆ ಬ್ಯಾಂಕಿಗೆ ಹೋಯಿತು. ಎಂಬಿ ಬುಕ್, ಅಂದರೆ ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ, ಬರೆಯುವ ಮೊದಲೇ ಹೂತಿದ್ದ ಕಲ್ಲನ್ನು ಅಳತೆಪಟ್ಟಿ ಇಟ್ಟು ಫೋಟೋ ತೆಗೆಸಿಡಿ. ಅದೊಂದರಿಂದ ನನ್ನ ದುಡ್ಡು ಉಳಿಯಿತು.

ನಡುವೆ ಸುಮ್ನೆ ಇರಲಾರದೆ ಒಂದೆರಡು ಪ್ರಯೋಗ ಮಾಡಿದೆ. ಸ್ವಲ್ಪ ದೂರ ಸಂದಿಗೆ ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಗಾರೆ ತುಂಬಿಸಿದೆ. ಗಟ್ಟಿಯಾಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಮಳೆ ಹಿಡಿದು ತೊಳೆದುಕೊಂಡು ಹೋಯಿತು. ಬೇಸಿಗೆಯಲ್ಲಿ ಕಲ್ಯಾಣಿಯ ಮೆಟ್ಟಿಲಿಗೆ ಅದನ್ನೇ ಹಾಕಿದ್ದು ಮಾತ್ರ ಕಬ್ಬಿಣದ ಹಾಗೆ ಕೂತಿದೆ. ಅರಳಿಮರದ ಬುಡಕ್ಕೆ ಸುರಿದಿದ್ದ ಕಾಂಕ್ರೀಟ್ ಒಡೆಸಿ, ಮಣ್ಣು ಹಾಕಿ, ಮೇಲೆ ಸಡಿಲ ಕಲ್ಲು ಜೋಡಿಸಿದೆ. ಒಣಗಿದ್ದ ಕಡೆಯ ಕೊಂಬೆಯಲ್ಲಿ ಚಿಗುರು ಬಂದಿದೆ. ದೀಪಕ್ಕೆ ಬಿಳಿ ಎಲ್‌ಇಡಿ ತೆಗೆಸಿ ಹಳದಿ ಬೆಳಕಿನದು ಹಾಕಿಸಿದೆ. ಹುಳ ಮುತ್ತುವುದು ಕಡಿಮೆಯಾಯಿತು, ಕಲ್ಲಿನ ಬಣ್ಣವೂ ಚೆನ್ನಾಗಿ ಕಾಣುತ್ತೆ.

ತೇರಿನ ದಿನದ್ದು ಹೇಳಲೇಬೇಕು. ತೇರು ಹತ್ತು ಹನ್ನೆರಡು ಟನ್ ಇರಬಹುದು ಅಂತ ಸಮಿತಿಯವರ ಅಂದಾಜು. ನೇರ ಹೋಗುವಾಗ ಭಯವಿಲ್ಲ. ಚಕ್ರಕ್ಕೆ ಮರದ ತುಂಡು ಕೊಟ್ಟು ತಿರುಗಿಸುವ ಮೂಲೆಯಲ್ಲೇ ಕಲ್ಲು ಒಡೆಯುವುದು. ಅಲ್ಲಿಗೆ ಅತಿ ದಪ್ಪದ, ಚಿಕ್ಕ ಅಳತೆಯ ಕಲ್ಲುಗಳನ್ನು ತೇರಿನ ದಾರಿಗೆ ಅಡ್ಡಡ್ಡ ಹಾಸಿದ್ದೆ. ಉದ್ದದ ಕಲ್ಲು ನಡುವೆ ಸೀಳುತ್ತೆ, ಚಿಕ್ಕದು ಸೀಳಲ್ಲ. ಜನ ಹಗ್ಗ ಎಳೆಯುತ್ತಿದ್ದರೆ ನಾನು ನೆಲ ನೋಡುತ್ತಿದ್ದೆ. ಚಕ್ರ ಕಿರ್ ಎಂದು ತಿರುಗಿತು, ಕಲ್ಲಿನ ಮೇಲೆ ಬಿಳಿ ಗೀಟು ಬಿತ್ತು, ಅಷ್ಟೇ.

2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಸುತ್ತಲ ಊರುಗಳಲ್ಲೂ ಇಂಥ ಕೆಲಸದ ಮಾತು ಜಾಸ್ತಿಯಾಗಿದೆ. ಕೈ ಹಾಕುವವರು ಹತ್ತಿರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ ಇದೆಯಾ ನೋಡಿಕೊಳ್ಳಿ. ಮೊದಲ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಪಿಕಾಸಿ ಎತ್ತುವ ಮೊದಲು ಅನುಮತಿ ವಿಷಯ ಕೇಳಿ ತಿಳಿದುಕೊಳ್ಳಿ. ಗಾಡಿ ಓಡಾಡುವ ಕಡೆ ನಾಲ್ಕಿಂಚಿಗೆ ಕಡಿಮೆ ಕಲ್ಲು ಯಾರು ಕೊಟ್ಟರೂ ಇಳಿಸಿಕೊಳ್ಳಬೇಡಿ. ಹತ್ತಿರದವರಾದರೆ ಬಂದು ನೋಡಿ, ಹಾರೆಯಲ್ಲಿ ತಟ್ಟಿ ನೋಡಿ.